ಎಂಟನೆಯ ತಟ್ಟೆ

ಅಧ್ಯಾಯ ಏಳು

ಮೊದಲ ಸಲ ಎಣಿಸಿದಾಗ ಏಳಿದ್ದವು. ಎರಡನೆಯ ಸಲ ಎಣಿಸಿದಾಗ ಎಂಟು.

ತಪಾಸಣಾಧಿಕಾರಿ ಕನ್ನಡಕ ತೆಗೆದು ತೋಳಿನ ತುದಿಯಿಂದ ಒರೆಸಿಕೊಂಡಳು. ಉಗ್ರಾಣದ ಮೇಜಿನ ಮೇಲೆ ಸಾಲಾಗಿ ಹರಡಿದ್ದ ತಟ್ಟೆಗಳು ಕಿಟಕಿಯ ಬೆಳಕಿಗೆ ಥಳಥಳ ಹೊಳೆಯುತ್ತಿದ್ದವು. ಇಷ್ಟು ಸಣ್ಣ ಲೆಕ್ಕ ತಪ್ಪಬಾರದು. ತಪ್ಪಿತೆಂದರೆ ಒಂದೋ ತಟ್ಟೆಗಳಲ್ಲಿ ಏನೋ ಇದೆ, ಇಲ್ಲವೇ ತನ್ನ ತಲೆಯಲ್ಲಿ. ಇಂಥ ಹೊತ್ತಿನಲ್ಲಿ ಅವಳು ಮೊದಲು ತನ್ನ ತಲೆಯನ್ನೇ ಸಂಶಯಿಸುವವಳು.

ಕಾರ್ಖಾನೆಯವರು ಅವಳಿಗೆ ಎರಡೇ ದಿನದಲ್ಲಿ ‘ಮೂರ್ಸಲ ಮೇಡಂ’ ಎಂದು ಹೆಸರಿಟ್ಟಿದ್ದರು. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುತ್ತಾಳೆ, ಕೇಳಿದ ಪ್ರಶ್ನೆಯನ್ನು ಮೂರು ಸಲ ಕೇಳುತ್ತಾಳೆ. ಮೇಡಂ ಬಾಗಿಲು ಹಾಕಿದರೆ ಚಿಲಕಕ್ಕೇ ಬೇಜಾರಾಗುತ್ತದೆ ಎಂದು ಕ್ಯಾಂಟೀನಿನಲ್ಲಿ ನಗುತ್ತಿದ್ದುದೂ ಅವಳ ಕಿವಿಗೆ ಬಿದ್ದಿತ್ತು. ಹಗಲೆಲ್ಲ ಟೈಪು ಮಾಡಿ ಸಂಜೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವಳು ಅವಳು. ಹಗಲು ಹೊತ್ತಿನಲ್ಲಿ ಓದಿದವರಿಗೆ ತನಗೆ ತಿಳಿಯದ ಏನೋ ಒಂದು ತಿಳಿದಿರುತ್ತದೆ ಎಂಬ ಅಳುಕು ಇಪ್ಪತ್ತು ವರ್ಷವಾದರೂ ಹೋಗಿರಲಿಲ್ಲ.

ಮೂರನೆಯ ಸಲ ಎಣಿಸತೊಡಗಿದಳು. ಈ ಬಾರಿ ಒಂದೊಂದನ್ನೂ ಕೈಗೆತ್ತಿಕೊಂಡು, ಅಂಚಿನ ಸುತ್ತ ಹುಷಾರಾಗಿ ಬೆರಳಾಡಿಸುತ್ತ.

ಊಟದ ತಟ್ಟೆಯಷ್ಟು ಅಗಲ, ಉಗುರಿನಷ್ಟು ತೆಳು, ನಡುವೆ ಬಟ್ಟಲಿನಂತೆ ಉಬ್ಬಿದ ಲೋಹ. ರಾಳ ಬೇಯಿಸುವ ಹಂಡೆಯ ನೆತ್ತಿಯಲ್ಲಿ ಇದನ್ನು ಕೂರಿಸುತ್ತಾರೆ. ಒಳಗಿನ ಒತ್ತಡ ಮಿತಿಮೀರಿದರೆ ಎಲ್ಲಕ್ಕಿಂತ ಮೊದಲು ಒಡೆಯಬೇಕಾದದ್ದು ಇದೇ. ಇದು ಒಡೆದರೆ ಹಂಡೆ ಉಳಿಯುತ್ತದೆ, ಹಂಡೆಯ ಕೆಳಗೆ ನಿಂತವರು ಉಳಿಯುತ್ತಾರೆ.

ನಾಲ್ಕನೆಯದನ್ನು ಎತ್ತಿದಾಗ ಕೈಗೆ ಎರಡು ಬಂದವು. ಒಂದರೊಳಗೊಂದು ಅಂಟಿಕೊಂಡಿದ್ದವು. ತುಕ್ಕು ಹಿಡಿಯದಿರಲೆಂದು ಸವರಿದ್ದ ಎಣ್ಣೆ ಅವೆರಡನ್ನೂ ಒಂದೇ ಮಾಡಿತ್ತು. ನಡುವೆ ಇರಬೇಕಾದ ಮೇಣದ ಕಾಗದ ಇರಲಿಲ್ಲ. ಉಗುರು ತೂರಿಸಿ ಬಿಡಿಸಿದಾಗ ಚಪ್ಪೆಂದು ಸದ್ದು ಮಾಡಿ ಬೇರೆಯಾದವು.

ಏಳು ಎಂಟಾದ ಗುಟ್ಟು ಇಷ್ಟೇ: ಒಂದು ಸಲ ಜೋಡಿಯ ಒಂದೇ ಅಂಚು ಕಣ್ಣಿಗೆ ಬಿದ್ದಿತ್ತು, ಇನ್ನೊಂದು ಸಲ ಎರಡೂ. ಸಮಾಧಾನದ ಉಸಿರು ಬಿಡಬೇಕೆನ್ನುವಷ್ಟರಲ್ಲಿ ಆಗಷ್ಟೇ ಬಿಡಿಸಿದ ಆ ಎಂಟನೆಯ ತಟ್ಟೆಯ ಅಂಚಿನಲ್ಲಿ ಬೆರಳಿಗೆ ಏನೋ ತಾಗಿತು.

ಒಂದು ತೂತು. ಮೊಳೆ ಹೊಡೆದ ತೂತು.

ಹೊಸ ತಟ್ಟೆಗೆ ಯಾರೂ ಮೊಳೆ ಹೊಡೆಯುವುದಿಲ್ಲ. ಹಳೆಯದಕ್ಕೆ ಹೊಡೆಯುತ್ತಾರೆ. ವರ್ಷಕ್ಕೊಮ್ಮೆ ಹಂಡೆಯಿಂದ ತೆಗೆದ ತಟ್ಟೆಯನ್ನು ಯಾರೂ ಮರೆತು ಮತ್ತೆ ಬಳಸದಿರಲೆಂದು ವರ್ಕ್‌ಶಾಪಿನ ಗೋಡೆಗೆ ಜಡಿದುಬಿಡುವುದು ಈ ಕಾರ್ಖಾನೆಯ ಪದ್ಧತಿ.

ಹೊಸ ಪೆಟ್ಟಿಗೆಯಲ್ಲಿ ಬಂದದ್ದು ಹತ್ತು. ಎರಡು ಹಂಡೆಗಳಿಗೆ ಎರಡು ಹೋದವು ಎನ್ನುತ್ತದೆ ಉಗ್ರಾಣದ ಪುಸ್ತಕ. ಎಂಟು ಉಳಿಯಬೇಕು. ಆದರೆ ಉಳಿದಿದ್ದ ಹೊಸವು ಏಳೇ. ಯಾರೋ ಗೋಡೆಯಿಂದ ಹಳೆಯದೊಂದನ್ನು ಕಿತ್ತು, ಒರೆಸಿ, ಎಣ್ಣೆ ಹಚ್ಚಿ, ಲೆಕ್ಕ ಸರಿಮಾಡಿದ್ದಾರೆ.

ಗಡಿಯಾರ ನೋಡಿಕೊಂಡಳು. ಎರಡೂವರೆ. ನಾಲ್ಕು ಗಂಟೆಗೆ ಸಹಿ ಹಾಕಬೇಕು.

* * *

ಇಲ್ಲಿಯ ಎರಡು ಹಂಡೆಗಳಿಗೆ ಜನ ಇಟ್ಟ ಹೆಸರು ಅತ್ತೆ ಮತ್ತು ಸೊಸೆ. ಹಳೆಯದು ಸದಾ ಗೊಣಗುತ್ತ ಬೇಯುತ್ತಿತ್ತು, ಹೊಸದು ತುಟಿಪಿಟಕ್ಕೆನ್ನದೆ ಕೆಲಸ ಮಾಡುತ್ತಿತ್ತು. ಹನ್ನೊಂದು ದಿನದ ಹಿಂದೆ ಅತ್ತೆಯ ಮುಚ್ಚಳ ಹಾರಿ, ಪಾಳಿಯಲ್ಲಿದ್ದ ಹಿರಿಯ ಆಪರೇಟರ್ ಸುಟ್ಟಗಾಯಗಳೊಂದಿಗೆ ಆಸ್ಪತ್ರೆ ಸೇರಿದ್ದ. ಮೂವತ್ತಕ್ಕೇ ತಲೆ ನೆರೆತದ್ದರಿಂದ ಎಲ್ಲರೂ ಅವನನ್ನು ತಾತ ಎನ್ನುತ್ತಿದ್ದರು. ತಾತ ಅಂದಿನಿಂದ ಒಂದು ಮಾತೂ ಆಡಿರಲಿಲ್ಲ. ಮಾತಾಡಲಾರದವನ ತಲೆಗೆ ತಪ್ಪನ್ನೆಲ್ಲ ಕಟ್ಟಿ ಕಂಪನಿ ವರದಿ ಬರೆದಾಗಿತ್ತು.

ಅದೇ ದಿನ ಬೆಳಿಗ್ಗೆ ಸೊಸೆಯ ಹೊಟ್ಟೆಗೂ ಮಾಲು ತುಂಬಿದ್ದರು. ಅದು ಇವತ್ತಿಗೂ ಹಾಗೇ ಇದೆ. ತಪಾಸಣಾಧಿಕಾರಿ ನಾಲ್ಕಕ್ಕೆ ಸಹಿ ಹಾಕಿದರೆ ಸೊಸೆಗೆ ಉರಿ ಹಾಕುತ್ತಾರೆ, ಕೆಳಗೆ ಎಂಟು ಜನ ನಿಲ್ಲುತ್ತಾರೆ. ಆ ಎಂಟರಲ್ಲಿ ಒಬ್ಬಳು ತಾತನ ಮಗಳು.

* * *

ವರ್ಕ್‌ಶಾಪಿನಲ್ಲಿ ಫಿಟ್ಟರ್ ಒಬ್ಬನೇ ಇದ್ದ. ಐವತ್ತರ ಆಸುಪಾಸಿನ, ಭುಜ ಅಗಲವಾದ ಮನುಷ್ಯ. ತಾತನ ಹೆಂಡತಿಯ ತಮ್ಮ. ಗೋಡೆಯ ತುಂಬ ಹಳೆಯ ತಟ್ಟೆಗಳು, ಒಂದೊಂದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ತಾರೀಖು.

“ಈ ಮೊಳೆ ಖಾಲಿ ಇದೆಯಲ್ಲ?” ಎಂದಳು.

ಅವನು ಕತ್ತೆತ್ತಲಿಲ್ಲ. “ಬಿದ್ದಿರಬೇಕು ಮೇಡಂ. ಅವತ್ತು ಕಟ್ಟಡವೇ ಅಲ್ಲಾಡಿತ್ತಲ್ಲ.”

“ಒಂದೇ ತಟ್ಟೆ ಬಿತ್ತಾ?”

“ಅದಕ್ಕೆ ಬೀಳೋ ಮನಸ್ಸಾಯ್ತೇನೋ.”

ತನ್ನ ಮಾತಿಗೆ ತಾನೇ ನಕ್ಕ. ಆ ನಗೆ ಅರ್ಧಕ್ಕೇ ನಿಂತಿತು.

ಅವಳು ಚೀಲದಿಂದ ಎಂಟನೆಯ ತಟ್ಟೆ ತೆಗೆದು ಆ ಮೊಳೆಗೆ ನೇತುಹಾಕಿದಳು. ಮಸಿ ಹಿಡಿದ ಗೋಡೆಯಲ್ಲಿ ದುಂಡಗೆ ಬೆಳ್ಳಗೆ ಉಳಿದಿದ್ದ ಜಾಗಕ್ಕೆ ಅದು ಒಂದು ಕೂದಲೂ ಹೆಚ್ಚುಕಡಿಮೆಯಾಗದಂತೆ ಕೂತಿತು.



“ಯಾವತ್ತು ಇಟ್ರಿ ಇದನ್ನ ಪೆಟ್ಟಿಗೇಲಿ?”

ಫಿಟ್ಟರ್ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದ. “ನೀವು ಮೂರು ಸಲ ಕೇಳ್ತೀರಿ, ಎರಡು ಸಲ ಸುಳ್ಳು ಹೇಳಬಹುದು ಅಂದ್ಕೊಂಡಿದ್ದೆ.”

“ಹೇಳಿ.”

“ಭಾವ ಆಸ್ಪತ್ರೆ ಸೇರಿದ ಮಾರನೇ ದಿನ. ಸುಮ್ಮನೆ ಮನಸ್ಸಿಗೆ ಬಂತು, ಹೋಗಿ ಪೆಟ್ಟಿಗೆ ತೆಗೆದು ನೋಡಿದೆ. ಎಂಟಿರಬೇಕು, ಏಳಿತ್ತು. ನಿಮ್ಮಂಗೇ ಮೂರು ಸಲ ಎಣಿಸಿದೆ ಮೇಡಂ, ಬಿಡಿಸಿ ಬಿಡಿಸಿ. ಏಳೇ.” ಅವನು ಎರಡೂ ಅಂಗೈಗಳನ್ನು ನೋಡಿಕೊಂಡ. “ಎರಡು ಹಂಡೆಗೆ ನನ್ನ ಕೈಯಿಂದ ಮೂರು ತಟ್ಟೆ ಹೋಗಿದೆ. ಎಲ್ಲೋ ಒಂದು ಕಡೆ ಜೋಡಿ ಕೂತಿದೆ.”

ಜೋಡಿ ಕೂತರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಒಂದು ತಟ್ಟೆ ಒಡೆಯುವ ಒತ್ತಡಕ್ಕೆ ಎರಡು ಒಡೆಯುವುದಿಲ್ಲ. ಅವು ಒಡೆಯುವ ಮೊದಲು ಹಂಡೆಯೇ ಒಡೆಯುತ್ತದೆ.

“ಯಾವುದಕ್ಕೆ ಜೋಡಿ ಹೋಯ್ತು? ಅತ್ತೆಗಾ, ಸೊಸೆಗಾ?”

“ಅದೇ ಗೊತ್ತಿಲ್ಲ. ಒಂದೇ ದಿನ ಎರಡಕ್ಕೂ ಹಾಕಿದ್ದು. ಬರಿಗೈ ಆಗಿದ್ರೆ ಬೆರಳಿಗೆ ತಿಳೀತಿತ್ತು. ಮೂವತ್ತು ವರ್ಷದಿಂದ ಬರಿಗೈಯಲ್ಲೇ ಹಾಕಿದವನು ನಾನು. ಹೋದ ವರ್ಷದಿಂದ ದಪ್ಪ ಕೈಗವಸು ಹಾಕ್ಲೇಬೇಕು ಅಂತ ಆಯ್ತಲ್ಲ.”

ಇಲಾಖೆಯಲ್ಲಿ ಕೂತು ಆ ನಿಯಮ ತಂದವಳು ಅವಳೇ. ತಟ್ಟೆಯ ಅಂಚಿಗೆ ಇಬ್ಬರ ಬೆರಳು ಕುಯ್ದಿತ್ತು. ಅಪಾಯದ ಪಟ್ಟಿಯಲ್ಲಿ ತನ್ನ ಕೈಯಾರೆ ತುಂಬಿದ್ದಳು: ಸಾಧ್ಯತೆ ನಾಲ್ಕು, ಪೆಟ್ಟು ಎರಡು, ಗುಣಿಸಿದರೆ ಎಂಟು, ಪರಿಹಾರ ಕೈಗವಸು. ಕೈಗವಸು ಹಾಕಿದ ಕೈಗೆ ಒಂದು ಯಾವುದು, ಎರಡು ಯಾವುದು ತಿಳಿಯುವುದಿಲ್ಲ ಎಂದು ಬರೆಯಲು ಆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಇದ್ದಿದ್ದರೆ ತನಗೆ ಹೊಳೆಯುತ್ತಿತ್ತೇ? ಅದೂ ಗೊತ್ತಿಲ್ಲ.

“ನಿಮ್ಮ ಭಾವನ ಮೇಲೆ ತಪ್ಪು ಹೊರಿಸಿದ್ರು. ನೀವು ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಿ.”

“ದಿನಾ ಹೇಳೋಣ ಅಂತಲೇ ಮನೆ ಬಿಡ್ತಿದ್ದೆ. ಗೇಟು ದಾಟೋ ಹೊತ್ತಿಗೆ ಅಕ್ಕನ ಮುಖ ಕಣ್ಮುಂದೆ ಬರೋದು. ಗಂಡ ಹಾಗೆ ಮಲಗಿದ್ದಾನೆ, ಮಲಗಿಸಿದವನು ತಮ್ಮ ಅಂತ ಹೇಗೆ ಹೇಳೋದು?” ಮುಖ ಒರೆಸಿಕೊಂಡ. “ಸೊಸೆ ನೆತ್ತಿ ಬಿಚ್ಚಿ ನೋಡಿಬಿಟ್ರೆ ಸಾಕು, ತಿಳಿದುಹೋಗುತ್ತೆ ಅಂದ್ಕೊಂಡೆ. ಎರಡನೇ ದಿನ ಬಂದು ಕೇಳಿದ್ದೆ, ನೆನಪಿದೆಯಾ? ಮೇಲೆ ಹೋಗಿ ಗ್ರೀಸ್ ಹಚ್ಚಿ ಬರ್ತೀನಿ ಅಂತ.”

ನೆನಪಿತ್ತು. ಏಣಿಯ ಬಾಗಿಲಿಗೆ ತಾನೇ ಹಾಕಿದ ಮೊಹರನ್ನು ತೋರಿಸಿ, ಯಾರನ್ನೂ ಬಿಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು.

“ನಡೀರಿ,” ಎಂದಳು. “ಇದನ್ನ ಇನ್ನೊಂದ್ಸಲ ಹೇಳಬೇಕಾಗುತ್ತೆ. ನಿಮ್ಮ ಭಾವನ ಮಗಳೆದುರಿಗೆ.”

* * *

ಕಂಟ್ರೋಲ್ ರೂಮು ಅಂಗಳದ ಈಚೆ, ದಪ್ಪ ಗೋಡೆಯ ಹಿಂದೆ. ತಾತನ ಮಗಳು ಪರದೆಯ ಮುಂದೆ ಕೂತಿದ್ದಳು. ಇಪ್ಪತ್ತಾರರ ಹುಡುಗಿ, ಅಪ್ಪನ ಸ್ವೆಟರ್ ತೊಟ್ಟಿದ್ದಳು. ಮ್ಯಾನೇಜರ್ ಸಹಿಯ ಕಾಗದವನ್ನು ಹಿಡಿದು ಅತ್ತಿಂದಿತ್ತ ನಡೆಯುತ್ತಿದ್ದರು. ನಿದ್ದೆಗೆಟ್ಟು ಅವರ ಕಣ್ಣ ಕೆಳಗೆ ಕಪ್ಪು ಚೀಲಗಳಾಗಿದ್ದವು.

ಫಿಟ್ಟರ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಒಂದೇ ಉಸಿರಿಗೆ, ನೆಲ ನೋಡುತ್ತ.

ಹುಡುಗಿ ತಿರುಗಲಿಲ್ಲ. “ಹನ್ನೊಂದು ದಿನ ನಮ್ಮನೇಲೇ ಊಟ ಮಾಡಿದ್ರಿ ಮಾವ,” ಎಂದಳು. “ಅಮ್ಮ ನಿಮಗೆ ಬಡಿಸಿ ಬಡಿಸಿ ಅಳ್ತಿದ್ಳು.”



ಮ್ಯಾನೇಜರ್ ಮೊದಲು ಚೇತರಿಸಿಕೊಂಡರು. “ಅಂದ್ರೆ ಜೋಡಿ ಇದ್ದದ್ದು ಅತ್ತೇಲಿ. ಸ್ಪಷ್ಟ ಅಲ್ವಾ ಮೇಡಂ? ಹಾರಿದ್ದು ಅದೇ ತಾನೆ. ಹಾಗಿದ್ಮೇಲೆ ಸೊಸೆ ಸರಿಯಾಗಿದೆ. ತಾತನ ಹೆಸರೂ ಉಳೀತು. ವರದಿ ನಾನೇ ತಿದ್ದಿಸ್ತೀನಿ.”

ಅದು ಎಲ್ಲರಿಗೂ ಒಳ್ಳೆಯದಾಗುವ ಉತ್ತರ. ಹತ್ತರಲ್ಲಿ ಒಂಬತ್ತು ಪಾಲು ಅದೇ ನಿಜವಿರಬೇಕು. ಆದರೆ ಎಲ್ಲರಿಗೂ ಅನುಕೂಲವಾದ ಉತ್ತರ ಕಂಡಾಗಲೇ ಅವಳ ಸಂಶಯ ಎಚ್ಚರವಾಗುತ್ತಿತ್ತು. ಉಳಿದ ಒಂದು ಪಾಲಿನ ಕೆಳಗೆ ಎಂಟು ಜನ ನಿಲ್ಲುತ್ತಾರಲ್ಲ!

“ಅತ್ತೆಯ ತಟ್ಟೆ ಸಿಕ್ಕಿಲ್ಲ,” ಎಂದಳು. “ಕರಗಿದ ಮುದ್ದೆಯಲ್ಲಿ ಒಂದಿತ್ತೋ ಎರಡಿತ್ತೋ ಯಾರೂ ಹೇಳೋಕಾಗಲ್ಲ. ನಾನು ಸಹಿ ಹಾಕಲ್ಲ.”

“ಹಾಕದೇ ಇದ್ರೆ?” ಮ್ಯಾನೇಜರ ದನಿ ಏರಲಿಲ್ಲ, ಬದಲಿಗೆ ಬೇಡುವಂತಾಯಿತು. “ನಾನೂ ರಸಾಯನಶಾಸ್ತ್ರ ಓದಿದವನು. ಮಾಲಿಗೆ ಹಾಕಿರೋ ಮದ್ದು ಹನ್ನೆರಡು ದಿನ ತಡೀಬಹುದು. ಆಮೇಲೆ ಅದು ತಾನಾಗೇ ಬಿಸಿಯಾಗೋಕೆ ಶುರುಮಾಡುತ್ತೆ, ನಾವು ಉರಿ ಹಾಕಲಿ ಬಿಡಲಿ. ಕೆಳಗಿನಿಂದ ಖಾಲಿ ಮಾಡೋಣ ಅಂದ್ರೆ ಆ ಪೈಪು ಅತ್ತೆ ಜೊತೆಗೇ ಹೋಯ್ತು. ನಿಧಾನಕ್ಕೆ ಬೇಯಿಸಿ ಮುಗಿಸೋದೊಂದೇ ದಾರಿ. ಸುಮ್ಮನೆ ಬಿಡೋದೂ ಒಂದು ತೀರ್ಮಾನನೇ ಮೇಡಂ. ಅದಕ್ಕೆ ಯಾರೂ ಸಹಿ ಹಾಕಿರಲ್ಲ, ಅಷ್ಟೇ.”

ಅವರು ಹೇಳಿದ್ದು ಸರಿಯಾಗಿತ್ತು. ಅದೇ ಕಷ್ಟ. ಉರಿ ಹಾಕಿದರೂ ಅಪಾಯ, ಹಾಗೇ ಬಿಟ್ಟರೂ ಅಪಾಯ.

“ಮೂರನೇದೂ ಒಂದಿದೆ,” ಎಂದ ಫಿಟ್ಟರ್. “ನಾನು ಹತ್ತಿ ಬಿಚ್ಚುತೀನಿ. ಜೋಡಿ ಇದ್ರೆ ಒಂದನ್ನ ತೆಗೆದುಹಾಕ್ತೀನಿ. ಇಲ್ಲದಿದ್ರೆ ಮುಚ್ಚಿ ಬರ್ತೀನಿ. ಎಂಟು ಬೋಲ್ಟು. ಇಪ್ಪತ್ತು ನಿಮಿಷ.”

“ಬೇಡ,” ಎಂದರು ಮ್ಯಾನೇಜರ್ ಥಟ್ಟನೆ. “ತುಂಬಿದ ಹಂಡೆ ನೆತ್ತಿ ಬಿಚ್ಚೋದಾ? ಬೇಡವೇ ಬೇಡ.”

ತಪಾಸಣಾಧಿಕಾರಿ ಪರದೆ ನೋಡಿದಳು. ಸೊಸೆಯ ಒಳಗಿನ ಬಿಸಿ ಮೂವತ್ತೊಂದು ಡಿಗ್ರಿ. ಹನ್ನೊಂದು ದಿನದಿಂದ ಅಷ್ಟೇ. ಒತ್ತಡ ಸೊನ್ನೆ. ಒತ್ತಡ ಸೊನ್ನೆಯಿರುವಷ್ಟು ಹೊತ್ತು ಬಿಚ್ಚಬಹುದು.

“ಬಿಸಿ ಏರೋಕೆ ಶುರುವಾದ್ರೆ ಎಷ್ಟು ಹೊತ್ತು ಸಿಗುತ್ತೆ?”

“ಪುಸ್ತಕದ ಪ್ರಕಾರ ನಲವತ್ತು ನಿಮಿಷ.”

“ಪುಸ್ತಕ ಬಿಟ್ಟು ಹೇಳಿ.”

ಮ್ಯಾನೇಜರ್ ಹಣೆ ಉಜ್ಜಿಕೊಂಡರು. “ಪುಸ್ತಕ ಬರೆದವರು ಹನ್ನೊಂದು ದಿನ ಇಟ್ಟು ನೋಡಿಲ್ಲ.”

ಸಂಜೆ ಕಾಲೇಜಿನಲ್ಲಿ ಒಬ್ಬ ಮೇಷ್ಟ್ರು ಹೇಳುತ್ತಿದ್ದದ್ದು ಅವಳಿಗೆ ನೆನಪಾಯಿತು: ಭಯ ಬಂದ ಮೇಲೆ ತೀರ್ಮಾನ ಮಾಡಬೇಡಿ, ಗೆರೆಯನ್ನು ಮೊದಲೇ ಎಳೆದಿಡಿ. ಅವಳು ಕಾಗದ ತೆಗೆದುಕೊಂಡು ಅದರ ಹಿಂಬದಿಯಲ್ಲಿ ಬರೆದಳು: *ಮೂವತ್ತೈದು ಮುಟ್ಟಿದರೆ ಇಳಿಯುವುದು. ಮಾತಿಲ್ಲ, ಚರ್ಚೆಯಿಲ್ಲ.* ಫಿಟ್ಟರಿಗೆ ಓದಿ ಹೇಳಿದಳು. ಇನ್ನೊಂದು ಸಲ ಓದಿದಳು.

“ಮೂರನೇ ಸಲ ಬೇಡ ಮೇಡಂ,” ಎಂದ ಅವನು. “ಒಪ್ಪಿದೆ.”

ಪಾಳಿಯವರನ್ನೆಲ್ಲ ಹೊರಗೇಟಿಗೆ ಕಳಿಸಿದರು. ಹುಡುಗಿ ಏಳಲಿಲ್ಲ.

“ಪರದೆ ನೋಡೋಕೆ ಯಾರಾದ್ರೂ ಬೇಕು,” ಎಂದಳು. “ಮೇಲೆ ಹತ್ತೋದು ನಮ್ಮಾವ. ಇಳಿದು ಬರಲಿ, ಆಮೇಲೆ ಜಗಳ ಆಡ್ತೀನಿ.”

* * *

ತಪಾಸಣಾಧಿಕಾರಿ ತನ್ನ ಕೈಯಾರೆ ಮೊಹರು ಒಡೆದಳು. ಫಿಟ್ಟರ್ ಏಣಿ ಹತ್ತಿದ. ಅವಳು ಕಂಟ್ರೋಲ್ ರೂಮಿಗೆ ಓಡಿ ಬಂದು ವೈರ್‌ಲೆಸ್ ಹಿಡಿದಳು.

“ಒಂದು ಬಂತು,” ಎಂದಿತು ಅವನ ದನಿ. ಬಹಳ ಹೊತ್ತಾದ ಮೇಲೆ, “ಎರಡು. ಜಪ್ಪಯ್ಯ ಅಂದ್ರೂ ಅಲ್ಲಾಡ್ತಿರಲಿಲ್ಲ.”

“ಅವಸರ ಬೇಡ.”

“ಅವಸರ ನಿಮ್ಮ ದನೀಲೇ ಇದೆ ಮೇಡಂ.”

ಹುಡುಗಿಯ ತುಟಿಯಲ್ಲಿ ನಗು ಸುಳಿದು ಮಾಯವಾಯಿತು. ಅವನು ಐದನೆಯದಕ್ಕೆ ಬರುವ ಹೊತ್ತಿಗೆ ಮೇಜಿನ ಫೋನು ಬಡಿದುಕೊಂಡಿತು. ಹುಡುಗಿಯೇ ಎತ್ತಿಕೊಂಡಳು. “ಅಮ್ಮಾ?” ಎಂದವಳು ಎದ್ದು ನಿಂತಳು. ಕೇಳಿದಳು. ಮತ್ತೆ ಕೂತಳು.

“ಅಪ್ಪ ಕಣ್ಣು ಬಿಟ್ರಂತೆ.” ರಿಸೀವರ್ ಎದೆಗೊತ್ತಿಕೊಂಡಿದ್ದಳು. “ಮಾತಾಡಿದ್ರಂತೆ.”

“ಏನಂದ್ರು? ಅವರಂದ ಹಾಗೇ ಹೇಳು,” ಎಂದಳು ತಪಾಸಣಾಧಿಕಾರಿ.

“‘ತಟ್ಟೆ ಒಡೀತು. ಪಟ್ ಅಂತ ಕೇಳಿಸ್ತು. ಅದಾದ ಮೇಲೆ ಮುಚ್ಚಳ ಹೋಯ್ತು.’ ಅಷ್ಟೇ. ಮತ್ತೆ ಕಣ್ಣು ಮುಚ್ಚಿದ್ರಂತೆ.”



ಅತ್ತೆಯ ತಟ್ಟೆ ಒಡೆದಿತ್ತು. ಜೋಡಿಯಿದ್ದರೆ ಒಡೆಯುತ್ತಿರಲಿಲ್ಲ. ಅಂದರೆ ಅತ್ತೆಯಲ್ಲಿದ್ದದ್ದು ಒಂದೇ. ಹಾಗಾದರೆ ಜೋಡಿ ಇರುವುದು ಸೊಸೆಯಲ್ಲಿ. ತಟ್ಟೆ ಒಡೆದ ಮೇಲೂ ಅತ್ತೆಯ ಮುಚ್ಚಳ ಯಾಕೆ ಹಾರಿತು ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಈಗ ಪುರುಸೊತ್ತಿಲ್ಲ. ಇನ್ನೇನು ಸಾಯುತ್ತೇನೆಂದುಕೊಂಡ ಮನುಷ್ಯನ ನೆನಪನ್ನು ಎಷ್ಟು ನಂಬುವುದು? ನಂಬಿ ತಪ್ಪಾದರೆ ಹತ್ತು ನಿಮಿಷದ ಕೆಲಸ ವ್ಯರ್ಥ. ನಂಬದೆ ತಪ್ಪಾದರೆ...

“ಮೂವತ್ತೆರಡು,” ಎಂದಳು ಹುಡುಗಿ.

ಹನ್ನೊಂದು ದಿನದಲ್ಲಿ ಮೊದಲ ಬಾರಿಗೆ ಅಂಕಿ ಬದಲಾಗಿತ್ತು.

“ಇಳಿಸಿ ಅವರನ್ನ,” ಎಂದರು ಮ್ಯಾನೇಜರ್.

“ಗೆರೆ ಮೂವತ್ತೈದಕ್ಕೆ.” ತಪಾಸಣಾಧಿಕಾರಿ ಕಾಗದ ತೋರಿಸಿದಳು. ಮೇಲಿರುವವನಿಗೂ ಗೊತ್ತಾಗಬೇಕು. ಅವನ ಜೀವ ಅದು. ವೈರ್‌ಲೆಸ್ ಒತ್ತಿದಳು. “ನಿಮ್ಮ ಭಾವ ಮಾತಾಡಿದಾರೆ. ಅತ್ತೆ ತಟ್ಟೆ ಒಡೆದದ್ದು ಅವರಿಗೆ ಕೇಳಿಸಿತ್ತಂತೆ. ಬಿಸಿ ಒಂದು ಡಿಗ್ರಿ ಏರಿದೆ. ಇಳೀತೀನಿ ಅಂದ್ರೆ ಈಗಲೇ ಇಳೀರಿ, ಯಾರೂ ಏನೂ ಅನ್ನಲ್ಲ.”

ಗರಗರ ಸದ್ದು. ಆಮೇಲೆ ಅವನ ಉಸಿರು.

“ಭಾವ ಮಾತಾಡಿದ್ನಾ?”

“ಹೌದು.”

“ಹಾಗಾದ್ರೆ ಜೋಡಿ ಇಲ್ಲೇ ಇದೆ. ನಾನು ಇಳಿದ್ರೆ ಇನ್ಯಾರು ಹತ್ತುತಾರೆ ಮೇಡಂ? ಐದು ಬಿಚ್ಚಿ ಆಯ್ತು. ಇನ್ನು ಮೂರು, ಪೈಪಿನ ಹಿಂದುಗಡೆ. ಸುತ್ತಿ ಹೋಗ್ತಿದೀನಿ.”

“ಮೂವತ್ಮೂರು.”

ತಪಾಸಣಾಧಿಕಾರಿ ಕಿಟಕಿಯಿಂದ ನೋಡಿದಳು. ಅಂಗಳದಾಚೆ, ಸೊಸೆಯ ನೆತ್ತಿಯಲ್ಲಿ ನೀಲಿ ಅಂಗಿಯೊಂದು ಪೈಪಿನ ಮರೆಗೆ ಸರಿದು ಕಾಣದಾಯಿತು. ಕ್ಷಣ ಬಿಟ್ಟು ವೈರ್‌ಲೆಸ್ ಮತ್ತೆ ಗರಗರ ಎಂದಿತು.

“ಮೇಡಂ.” ದನಿ ಬದಲಾಗಿತ್ತು. “ನಾನು ಹಾಕಿದ್ದು ಎಂಟೂ ಕರೀ ಬೋಲ್ಟು. ಆ ಐದು ಅವೇ. ಆದ್ರೆ ಈ ಕಡೆ ಮೂರೂ ಬಿಳೀವು, ಹೊಚ್ಚ ಹೊಸವು. ನಾನು ಮುಚ್ಚಿದ ಮೇಲೆ ಇಲ್ಲಿ ಇನ್ಯಾರೋ ಕೈಹಾಕಿದಾರೆ.”

“ಮೂವತ್ನಾಲ್ಕು,” ಎಂದಳು ಹುಡುಗಿ.

ತಪಾಸಣಾಧಿಕಾರಿ ಉತ್ತರಿಸಲೆಂದು ಗುಂಡಿ ಒತ್ತುವ ಮೊದಲೇ ಹಿಂದಿನಿಂದ ಒಂದು ಕೈ ಅವಳ ಮಣಿಕಟ್ಟನ್ನು ಹಿಡಿದುಕೊಂಡಿತು. ಬಿಗಿಯಾಗಿ ಅಲ್ಲ, ಬೀಳುವವನು ಆಸರೆ ಹಿಡಿದಂತೆ. ತಿರುಗಿದಳು. ಮ್ಯಾನೇಜರ ಮುಖದಲ್ಲಿ ರಕ್ತವೇ ಇರಲಿಲ್ಲ.

“ಆ ಮೂರನ್ನ ಮುಟ್ಟಬೇಡ ಅಂತ ಹೇಳಿ ಅವನಿಗೆ,” ಎಂದರು. “ಬೇಗ ಹೇಳಿ. ಅದನ್ನ ಹಾಕಿದ್ದು ನಾನು.”